ದುಬೈ ಸಂಬಳ, ಉಡುಪಿ ಖರ್ಚು: ದೇಶಗಳ ನಡುವಿನ ಬದುಕಿನ ಅಂತರವನ್ನು ಅಳೆಯುವುದು ಹೇಗೆ?

2025ರ ಮೇ ತಿಂಗಳಲ್ಲಿ ಜಪಾನನ್ನು ಹಿಂದಿಕ್ಕಿ ಭಾರತ ಜಗತ್ತಿನ ನಾಲ್ಕನೇ ಅತಿದೊಡ್ಡ ಆರ್ಥಿಕತೆಯಾಯಿತು ಎಂಬ ಸುದ್ದಿ ಬಂತು. ಆಮೇಲೂ ಕಾಪು, ಮೂಲ್ಕಿ, ಉಳ್ಳಾಲದ ಹುಡುಗರು ಬಜಪೆಯಲ್ಲಿ ವಿಮಾನ ಹತ್ತಿ ದುಬೈ, ದೋಹಾ, ದಮಾಮ್‌ಗೆ ಹೋಗುವುದು ನಿಂತಿಲ್ಲ. ದೇಶ ಇಷ್ಟು ದೊಡ್ಡದಾದ ಮೇಲೂ ಮನೆಯ ಮಗ ಯಾಕೆ ಹೊರಗೆ ಹೋಗಬೇಕು? ಅಲ್ಲಿ 2,500 ದಿರ್ಹಮ್ ಸಂಬಳ ಅಂದರೆ ಇಲ್ಲಿಯ ಎಷ್ಟು ರೂಪಾಯಿಗೆ ಸಮ? ಈ ಎರಡೂ ಪ್ರಶ್ನೆಗಳ ಬೇರು ಒಂದೇ. ಶ್ರೀಮಂತ ದೇಶದ ಬದುಕಿಗೂ ಬಡ ದೇಶದ ಬದುಕಿಗೂ ನಡುವೆ ಇರುವ ಅಂತರವನ್ನು ಅಳೆಯುವ ಕ್ರಮ ಗೊತ್ತಾದರೆ ಎರಡಕ್ಕೂ ಉತ್ತರ ಸಿಗುತ್ತದೆ.

ಒಟ್ಟು ಗಾತ್ರ ಬೇರೆ, ತಲೆಗೆ ಬರುವ ಪಾಲು ಬೇರೆ

ಒಂದು ದೇಶದ ಗಡಿಯೊಳಗೆ ಒಂದು ವರ್ಷದಲ್ಲಿ ತಯಾರಾದ ಎಲ್ಲ ವಸ್ತುಗಳ ಮತ್ತು ಸೇವೆಗಳ ಒಟ್ಟು ಬೆಲೆಯೇ ಜಿಡಿಪಿ. ಮಲ್ಪೆಯಲ್ಲಿ ಇಳಿದ ಮೀನು, ಪಣಂಬೂರಿನ ಬಂದರಿನಲ್ಲಿ ನಡೆದ ಕೆಲಸ, ಮಣಿಪಾಲದ ಆಸ್ಪತ್ರೆಯ ಚಿಕಿತ್ಸೆ, ಸಿಟಿ ಬಸ್ಸಿನ ಟಿಕೆಟು, ಎಲ್ಲವೂ ಇದರಲ್ಲಿ ಸೇರುತ್ತವೆ. ಮನೆಯಲ್ಲಿ ಅಮ್ಮ ಮಾಡುವ ಅಡುಗೆ ಸೇರುವುದಿಲ್ಲ. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲವಲ್ಲ.

ಅಂತಾರಾಷ್ಟ್ರೀಯ ಹಣಕಾಸು ನಿಧಿ 2025ರ ಏಪ್ರಿಲ್‌ನಲ್ಲಿ ಕೊಟ್ಟ ಅಂದಾಜಿನಲ್ಲಿ ಆ ವರ್ಷದ ಭಾರತದ ಜಿಡಿಪಿ 4.187 ಲಕ್ಷ ಕೋಟಿ ಡಾಲರ್, ಜಪಾನಿನದು 4.186 ಲಕ್ಷ ಕೋಟಿ ಡಾಲರ್. ಹೆಚ್ಚುಕಡಿಮೆ ಸಮಸಮ. ಆದರೆ ಇಲ್ಲಿ ಆ ಮೊತ್ತವನ್ನು ಸುಮಾರು 145 ಕೋಟಿ ಜನರಿಗೆ ಹಂಚಬೇಕು, ಅಲ್ಲಿ ಸುಮಾರು 12.3 ಕೋಟಿ ಜನರಿಗೆ. ಭಾಗಿಸಿದರೆ ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2,900 ಡಾಲರ್, ಜಪಾನಿನಲ್ಲಿ ಸುಮಾರು 34,000 ಡಾಲರ್. ಅಂದರೆ ಸುಮಾರು 12 ಪಟ್ಟು ವ್ಯತ್ಯಾಸ. ಹತ್ತು ಜನರಿರುವ ಮನೆಗೂ ಒಬ್ಬರೇ ಇರುವ ಮನೆಗೂ ತಿಂಗಳಿಗೆ ಒಂದೇ ಮೊತ್ತ ಬಂದರೆ ಎರಡು ಮನೆಗಳ ಊಟ ಒಂದೇ ಆಗಿರುವುದಿಲ್ಲ.

ವಿಶ್ವಬ್ಯಾಂಕ್ ದೇಶಗಳನ್ನು ನಾಲ್ಕು ಗುಂಪು ಮಾಡುವುದೂ ತಲಾ ಆದಾಯದ ಮೇಲೆಯೇ. 2025ರ ಜುಲೈಯಿಂದ ಜಾರಿಯಲ್ಲಿದ್ದ ಗೆರೆಗಳ ಪ್ರಕಾರ ವರ್ಷಕ್ಕೆ ತಲಾ 1,135 ಡಾಲರ್‌ವರೆಗಿನವು ಕಡಿಮೆ ಆದಾಯದ ದೇಶಗಳು, 4,495ರವರೆಗೆ ಕೆಳ ಮಧ್ಯಮ, 13,935ರವರೆಗೆ ಮೇಲ್ ಮಧ್ಯಮ, ಅದರಾಚೆ ಹೆಚ್ಚಿನ ಆದಾಯದ ದೇಶಗಳು. ಭಾರತ ಕೆಳ ಮಧ್ಯಮ ಗುಂಪಿನಲ್ಲಿದೆ.

ತಲಾ ಆದಾಯ ಸರಾಸರಿಯ ಲೆಕ್ಕ ಎಂಬುದನ್ನು ಮರೆಯಬಾರದು. ನಮ್ಮ ರಾಜ್ಯದೊಳಗೇ ಬೆಂಗಳೂರು ನಗರ ಜಿಲ್ಲೆಯ ನಂತರದ ಸ್ಥಾನ ದಕ್ಷಿಣ ಕನ್ನಡದ್ದು, ಕಲಬುರಗಿ ಪಟ್ಟಿಯ ಕೊನೆಯಲ್ಲಿದೆ. ದಕ್ಷಿಣ ಕನ್ನಡದ ಸರಾಸರಿ ದೊಡ್ಡದೆಂದ ಮಾತ್ರಕ್ಕೆ ಬಂಟ್ವಾಳದ ಬೀಡಿ ಕಟ್ಟುವ ಹೆಂಗಸಿನ ಕೈಗೆ ಅಷ್ಟು ಬರುತ್ತದೆ ಎಂದಲ್ಲ. ಬೃಹತ್ ಉದ್ಯಮಗಳ ಲೆಕ್ಕವೂ ಅದೇ ಸರಾಸರಿಯಲ್ಲಿ ಸೇರಿದೆ. ಐರ್ಲೆಂಡಿನಲ್ಲಿ ಇದು ವಿಪರೀತಕ್ಕೆ ಹೋಯಿತು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಆಸ್ತಿಯನ್ನು ಅಲ್ಲಿಯ ಲೆಕ್ಕಪುಸ್ತಕಕ್ಕೆ ವರ್ಗಾಯಿಸಿದ್ದರಿಂದ 2015ರಲ್ಲಿ ಆ ದೇಶದ ಜಿಡಿಪಿ ಒಂದೇ ವರ್ಷಕ್ಕೆ ಶೇ. 25ಕ್ಕೂ ಹೆಚ್ಚು ಏರಿತು. ಜನರ ಜೇಬಿನಲ್ಲಿ ಅಷ್ಟು ಏರಿರಲಿಲ್ಲ. ಅಲ್ಲಿಯ ಸರ್ಕಾರ ಆ ಕಂಪನಿಗಳ ಲೆಕ್ಕವನ್ನು ಕಳೆದ ಬೇರೊಂದು ಅಳತೆಯನ್ನೇ ಮಾಡಿಕೊಳ್ಳಬೇಕಾಯಿತು.

ಒಂದು ಡಾಲರಿಗೆ ಎಷ್ಟು ರೂಪಾಯಿ? ಉತ್ತರ ಎರಡು

ಬ್ಯಾಂಕಿನಲ್ಲಿ ಕೇಳಿದರೆ ಡಾಲರಿನ ಅಂದಂದಿನ ದರ ಹೇಳುತ್ತಾರೆ. ಅದು ವಿನಿಮಯ ದರ. ಲೆಕ್ಕಕ್ಕೆ ಸುಲಭವಾಗಲೆಂದು 85 ರೂಪಾಯಿ ಎಂದು ಹಿಡಿಯೋಣ. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವ ಸಾಮಾನನ್ನು ಇಲ್ಲಿ ಕೊಳ್ಳಲು 85 ರೂಪಾಯಿ ಬೇಕಾಗುವುದಿಲ್ಲ, ಅದಕ್ಕಿಂತ ಬಹಳ ಕಡಿಮೆ ಸಾಕು. ಎಷ್ಟು ಸಾಕು ಎಂದು ಹುಡುಕುವ ಲೆಕ್ಕಕ್ಕೆ ಕೊಳ್ಳುವ ಶಕ್ತಿಯ ಸಮತೆ ಎಂದು ಹೆಸರು. ಪತ್ರಿಕೆಗಳಲ್ಲಿ ಪಿಪಿಪಿ ಎಂದು ಬರುವುದು ಇದೇ. ರಸ್ತೆ, ಬಂದರು ಗುತ್ತಿಗೆಯ ಸುದ್ದಿಗಳಲ್ಲಿ ಕಾಣುವ ಪಿಪಿಪಿ ಬೇರೆ, ಅದು ಸರ್ಕಾರ ಮತ್ತು ಖಾಸಗಿಯವರ ಪಾಲುದಾರಿಕೆ.

ಲೆಕ್ಕ ಹಾಕುವುದು ಹೀಗೆ. ಮೂರೇ ವಸ್ತುಗಳ ಒಂದು ಸಣ್ಣ ಬುಟ್ಟಿ ತೆಗೆದುಕೊಳ್ಳೋಣ. ಬೆಲೆಗಳು ಉದಾಹರಣೆಗೆ ಮಾತ್ರ. ಒಂದು ಮೊಬೈಲ್ ಅಲ್ಲಿ 200 ಡಾಲರ್, ಇಲ್ಲಿ 17,000 ರೂಪಾಯಿ. ಅಂದರೆ ಮೊಬೈಲಿನ ಮಟ್ಟಿಗೆ ಒಂದು ಡಾಲರಿಗೆ 85 ರೂಪಾಯಿ. ಒಂದು ಕಿಲೋ ಅಕ್ಕಿ ಅಲ್ಲಿ 2 ಡಾಲರ್, ಇಲ್ಲಿ 50 ರೂಪಾಯಿ. ಅಕ್ಕಿಯ ಮಟ್ಟಿಗೆ ಡಾಲರಿಗೆ 25 ರೂಪಾಯಿ. ಒಮ್ಮೆ ಕೂದಲು ಕತ್ತರಿಸಲು ಅಲ್ಲಿ 30 ಡಾಲರ್, ಮಂಗಳೂರಿನ ಹಂಪನಕಟ್ಟೆಯಲ್ಲಿ 150 ರೂಪಾಯಿ. ಕ್ಷೌರದ ಮಟ್ಟಿಗೆ ಡಾಲರಿಗೆ ಬರೀ 5 ರೂಪಾಯಿ.

ಈಗ 85, 25, 5 ಇವುಗಳ ಸರಾಸರಿ ಬೇಕು. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ 38 ಬರುತ್ತದೆ. ಆದರೆ ಈ ಕ್ರಮದಲ್ಲಿ ಒಂದು ದೋಷವಿದೆ. ಇದೇ ಲೆಕ್ಕವನ್ನು ತಿರುಗಿಸಿ, ಒಂದು ರೂಪಾಯಿಗೆ ಎಷ್ಟು ಡಾಲರ್ ಎಂದು ಹಾಕಿದರೆ ಹೊಂದಿಕೆಯಾಗದ ಬೇರೆಯೇ ಉತ್ತರ ಬರುತ್ತದೆ. ಅದಕ್ಕೇ ಮೂರನ್ನೂ ಗುಣಿಸಿ ಘನಮೂಲ ತೆಗೆಯುತ್ತಾರೆ. 85 × 25 × 5 ಅಂದರೆ 10,625. ಅದರ ಘನಮೂಲ ಸುಮಾರು 22. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಈ ಉತ್ತರ ಬದಲಾಗುವುದಿಲ್ಲ. ಶಾಲೆಯಲ್ಲಿ ಕಲಿತ ಗುಣೋತ್ತರ ಸರಾಸರಿ ಎಂದರೆ ಇದೇ.

ನಿಜವಾದ ಲೆಕ್ಕದಲ್ಲಿ ಮೂರು ವಸ್ತುಗಳ ಬದಲು ನೂರಾರು ವಸ್ತುಗಳಿರುತ್ತವೆ. ಅಂತಾರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ ಎಂಬ ಹೆಸರಿನಲ್ಲಿ ಈ ಕೆಲಸ 1968ರಲ್ಲಿ ಶುರುವಾಯಿತು. 2017ರ ಸುತ್ತಿನಲ್ಲಿ 176 ದೇಶ, ಪ್ರದೇಶಗಳು ಭಾಗವಹಿಸಿದ್ದವು. ಆ ಸುತ್ತಿನಲ್ಲಿ ಭಾರತಕ್ಕೆ ಬಂದ ಉತ್ತರ ಡಾಲರಿಗೆ 20.65 ರೂಪಾಯಿ. ಅದೇ ವರ್ಷದ ವಿನಿಮಯ ದರ 65.12 ರೂಪಾಯಿ ಇತ್ತು. ಅಂದರೆ ಅಮೆರಿಕದಲ್ಲಿ 65 ರೂಪಾಯಿಗೆ ಸಮನಾದ ಡಾಲರು ಕೊಡಬೇಕಾದ ಕಡೆ ಇಲ್ಲಿ ಸರಾಸರಿ 21 ರೂಪಾಯಿಯಲ್ಲಿ ಮುಗಿಯುತ್ತಿತ್ತು.

ಈ ದರದಲ್ಲಿ ಹೋಲಿಸಿದರೆ ಭಾರತದ ತಲಾ ಜಿಡಿಪಿ 2,900ರಿಂದ ಸುಮಾರು 12,000 ಡಾಲರಿಗೆ ಏರುತ್ತದೆ, ಜಪಾನಿನದು ಸುಮಾರು 54,000. ಹನ್ನೆರಡು ಪಟ್ಟಿನ ಅಂತರ ನಾಲ್ಕೂವರೆ ಪಟ್ಟಿಗೆ ಇಳಿಯಿತು. ಎರಡೂ ಲೆಕ್ಕಗಳು ಸರಿಯೇ, ಆದರೆ ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರಗಳು. ಕಚ್ಚಾ ತೈಲ, ಚಿನ್ನ, ವಿಮಾನ, ಎಂಆರ್‌ಐ ಯಂತ್ರ, ಮಗಳ ವಿದೇಶಿ ಕಾಲೇಜಿನ ಫೀಸು ಇವುಗಳನ್ನು ಕೊಳ್ಳುವ ತಾಕತ್ತು ಎಷ್ಟು ಎಂದು ಕೇಳಿದರೆ ವಿನಿಮಯ ದರ ಹಿಡಿಯಬೇಕು. ಊರಲ್ಲೇ ಉಂಡು, ಉಟ್ಟು, ಬಾಡಿಗೆ ಕಟ್ಟಿ ಬದುಕುವ ಮಟ್ಟ ಎಷ್ಟು ಎಂದು ಕೇಳಿದರೆ ಕೊಳ್ಳುವ ಶಕ್ತಿಯ ದರ ಹಿಡಿಯಬೇಕು.

ಈ ಎರಡನೇ ದರವೂ ತಪ್ಪುವುದುಂಟು. ಒಂದೇ ಗುಣಮಟ್ಟದ ವಸ್ತು ಎರಡೂ ಕಡೆ ಸಿಗಬೇಕು, ಅದೇ ಕಷ್ಟ. ನಮ್ಮ ಕುಚ್ಚಲಕ್ಕಿಗೆ ಅಮೆರಿಕದಲ್ಲಿ ಜೋಡಿ ಯಾವುದು? ಬಂಗುಡೆ ಇಲ್ಲಿ ದಿನದ ಮೀನು, ಅಲ್ಲಿ ಅಪರೂಪ. ಎರಡನೆಯದಾಗಿ, ಸರಾಸರಿ ಬುಟ್ಟಿಯಲ್ಲಿ ಕಾರು, ಹೋಟೆಲ್, ಆಸ್ಪತ್ರೆ ಎಲ್ಲ ಇರುತ್ತವೆ. ಬಡವರ ಬುಟ್ಟಿಯ ಬಹುಪಾಲು ಅಕ್ಕಿ, ಬೇಳೆ, ಎಣ್ಣೆ. ಕ್ಷೌರ, ಮನೆಗೆಲಸದಂಥ ಸೇವೆ ಅಗ್ಗವಾಗಿದ್ದರೆ ಸೇವೆ ಕೊಳ್ಳುವವನಿಗೆ ಲಾಭ, ಕೊಡುವವನಿಗೆ ಅಷ್ಟಿಲ್ಲ. ಇಂಥ ಕಾರಣಗಳಿಂದ ಪ್ರತಿ ಸುತ್ತಿನಲ್ಲೂ ಅಂಕಿಗಳು ಅಲ್ಲಾಡುತ್ತವೆ. 2005ರ ಬೆಲೆಗಳ ಸುತ್ತಿನ ಫಲಿತಾಂಶ ಹೊರಬಿದ್ದಾಗ ಚೀನಾದ ಆರ್ಥಿಕತೆಯ ಗಾತ್ರ ಕಾಗದದ ಮೇಲೆ ಸುಮಾರು ಶೇ. 40ರಷ್ಟು ಕುಗ್ಗಿತು. ಅಲ್ಲಿಯ ಯಾವ ಮನೆಯ ಊಟವೂ ಆ ದಿನ ಕಡಿಮೆಯಾಗಿರಲಿಲ್ಲ, ಬದಲಾದದ್ದು ಅಳೆಯುವ ಕೋಲು.

ಕ್ಷೌರ ಯಾಕೆ ಇಲ್ಲಿ ಅಗ್ಗ?

ಮೊಬೈಲು ಎರಡೂ ಕಡೆ ಒಂದೇ ಬೆಲೆ, ಕ್ಷೌರ ಮಾತ್ರ ಹದಿನೇಳನೇ ಒಂದು ಯಾಕೆ? ಮೊಬೈಲನ್ನು ಹಡಗಿಗೆ, ವಿಮಾನಕ್ಕೆ ಹಾಕಿ ಸಾಗಿಸಬಹುದು. ಒಂದು ಕಡೆ ತೀರಾ ಅಗ್ಗವಾದರೆ ವ್ಯಾಪಾರಿ ಅಲ್ಲಿ ಕೊಂಡು ಇನ್ನೊಂದು ಕಡೆ ಮಾರುತ್ತಾನೆ, ಬೆಲೆ ಸಮವಾಗುತ್ತದೆ. ಕ್ಷೌರವನ್ನು ಸಾಗಿಸಲಾಗುವುದಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನವರು ಕೂದಲು ಕತ್ತರಿಸಿಕೊಳ್ಳಲು ಮಂಗಳೂರಿಗೆ ಬರುವುದಿಲ್ಲ.

ಜ್ಯೂರಿಕ್‌ನ ಕ್ಷೌರಿಕ ನಮ್ಮವನಿಗಿಂತ ವೇಗವಾಗಿಯೂ ಕತ್ತರಿಸುವುದಿಲ್ಲ. ಇಬ್ಬರಿಗೂ ಅರ್ಧ ಗಂಟೆ ಬೇಕು. ಆದರೆ ಅವನ ದೇಶದಲ್ಲಿ ಔಷಧ, ಯಂತ್ರ, ವಾಚು ಮಾಡುವ ಕಾರ್ಖಾನೆಗಳಿವೆ. ಅಲ್ಲಿ ಒಬ್ಬ ಕೆಲಸಗಾರ ಗಂಟೆಗೆ ತಯಾರಿಸುವ ಮಾಲಿನ ಬೆಲೆ ಬಹಳ ಹೆಚ್ಚು, ಹಾಗಾಗಿ ಸಂಬಳವೂ ಹೆಚ್ಚು. ಕ್ಷೌರದಂಗಡಿಯಲ್ಲಿ ಅದಕ್ಕೆ ಹತ್ತಿರದ ಸಂಪಾದನೆ ಇಲ್ಲದಿದ್ದರೆ ಹುಡುಗರು ಕತ್ತರಿ ಬಿಟ್ಟು ಕಾರ್ಖಾನೆಗೆ ಹೋಗುತ್ತಾರೆ. ಅಂಗಡಿ ಉಳಿಯಬೇಕಾದರೆ ಕ್ಷೌರದ ದರ ಏರಲೇಬೇಕು. ಬೇಲಾ ಬಲಾಸ್ಸ ಮತ್ತು ಪಾಲ್ ಸ್ಯಾಮುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ಬೇರೆ ಬೇರೆಯಾಗಿ ಇದೇ ವಿವರಣೆ ಕೊಟ್ಟರು. ಬಸ್ ಚಾಲಕ, ಅಡುಗೆಯವರು, ಮೇಸ್ತ್ರಿ, ನರ್ಸ್ ಎಲ್ಲರಿಗೂ ಇದೇ ಅನ್ವಯ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟು ಆ ಇಕ್ಕಟ್ಟಿನ ರಸ್ತೆಗಳಲ್ಲಿ ಬಸ್ಸು ತಿರುಗಿಸುವ ನಮ್ಮ ಚಾಲಕನ ಕೌಶಲ ಯುರೋಪಿನ ಚಾಲಕನದಕ್ಕಿಂತ ಕಡಿಮೆಯದ್ದೇನಲ್ಲ. ಅವನ ಸುತ್ತ ಇರುವ ಇಡೀ ಊರಿನ ಉತ್ಪಾದನೆ ಅವನ ಸಂಬಳ ಎಷ್ಟೆಂದು ಗೊತ್ತುಮಾಡುತ್ತದೆ.

ಬ್ರಾಂಕೊ ಮಿಲನೋವಿಚ್ ಎಂಬ ಅರ್ಥಶಾಸ್ತ್ರಜ್ಞ ಜಗತ್ತಿನ ಮನೆಗಳ ಆದಾಯದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ಆದಾಯದಲ್ಲಿರುವ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಎರಡೇ ಸಂಗತಿಗಳು ಕಾರಣವೆಂದು ಕಂಡುಬಂತು: ಯಾವ ದೇಶದಲ್ಲಿದ್ದಾರೆ ಎಂಬುದು ಮತ್ತು ಆ ದೇಶದೊಳಗೆ ಆದಾಯ ಹೇಗೆ ಹಂಚಿದೆ ಎಂಬುದು. ದುಡಿಮೆ, ಓದು, ಬುದ್ಧಿ ಎಲ್ಲ ಉಳಿದ ಭಾಗದಲ್ಲಿ ಬರುತ್ತವೆ. ಮನೆಯ ಹುಡುಗ ಸೋಮಾರಿ ಎಂದು ದೂರುವ ಮೊದಲು ಹಿರಿಯರು ಈ ಮಾತನ್ನು ನೆನಪಿನಲ್ಲಿಡಬೇಕು ಎಂದು ನನ್ನ ಅಭಿಪ್ರಾಯ.

ಗಲ್ಫ್ ಸಂಬಳವನ್ನು ರೂಪಾಯಿಗೆ ತಿರುಗಿಸುವ ಸರಿಯಾದ ಕ್ರಮ

ಯುಎಇ ದಿರ್ಹಮನ್ನು 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ. ಆದ್ದರಿಂದ ಡಾಲರಿನ ರೂಪಾಯಿ ದರವನ್ನು 3.6725ರಿಂದ ಭಾಗಿಸಿದರೆ ದಿರ್ಹಮಿನ ದರ ಸಿಗುತ್ತದೆ. ಡಾಲರು 85 ಇದ್ದರೆ ದಿರ್ಹಮ್ 23.14 ರೂಪಾಯಿ. 2,500 ದಿರ್ಹಮ್ ಸಂಬಳ ಎಂದಾಗ ಮನೆಯಲ್ಲಿ ತಕ್ಷಣ ಹಾಕುವ ಲೆಕ್ಕ 57,850 ರೂಪಾಯಿ. ಈ ಗುಣಾಕಾರ ದಾರಿ ತಪ್ಪಿಸುತ್ತದೆ.

ಸಂಬಳವನ್ನು ಮೊದಲು ಎರಡು ಭಾಗ ಮಾಡಬೇಕು, ಅಲ್ಲಿ ಖರ್ಚಾಗುವುದು ಮತ್ತು ಇಲ್ಲಿಗೆ ಬರುವುದು. ಬೆಡ್ ಸ್ಪೇಸ್‌ಗೆ 600, ಊಟಕ್ಕೆ 500, ಫೋನು ಓಡಾಟಕ್ಕೆ 150 ಎಂದು ಹಿಡಿದರೆ 1,250 ದಿರ್ಹಮ್ ಅಲ್ಲಿಯೇ ಮುಗಿಯಿತು. ಅದನ್ನು ರೂಪಾಯಿಗೆ ತಿರುಗಿಸುವ ಹಾಗಿಲ್ಲ. ರೂಪಾಯಿಯಲ್ಲಿ ಅದು 28,900 ಆಗುತ್ತದೆ, ಆದರೆ ಅದರಿಂದ ಸಿಕ್ಕಿದ್ದು ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ ಮತ್ತು ಮೂರು ಹೊತ್ತಿನ ಊಟ. ಉಡುಪಿಯಲ್ಲಿ ಅಷ್ಟು ಹಣಕ್ಕೆ ಒಂದು ಸಣ್ಣ ಸಂಸಾರವೇ ನಡೆಯುತ್ತದೆ.

ಉಳಿದ 1,250 ದಿರ್ಹಮ್ ಮಾತ್ರ ವಿನಿಮಯ ದರದಲ್ಲಿ ಊರಿಗೆ ಬರುತ್ತದೆ. ಇದು ಸುಮಾರು 28,900 ರೂಪಾಯಿ, ಮತ್ತು ಇದು ಖರ್ಚಾಗುವುದು ಊರಿನ ಅಗ್ಗದ ದರದಲ್ಲಿ. ಗಲ್ಫ್ ದುಡಿಮೆಯ ಗುಟ್ಟು ಇರುವುದೇ ಇಲ್ಲಿ. ದುಡಿಯುವುದು ದುಬಾರಿ ಊರಿನ ದರದಲ್ಲಿ, ಮನೆ ಕಟ್ಟುವುದು ಅಗ್ಗದ ಊರಿನ ದರದಲ್ಲಿ. ಹೆಂಡತಿ ಮಕ್ಕಳನ್ನೂ ಅಲ್ಲಿಗೆ ಕರೆಸಿಕೊಂಡರೆ ಈ ಲಾಭದ ದೊಡ್ಡ ಭಾಗ ಕರಗುತ್ತದೆ. ಒಬ್ಬನೇ ಇದ್ದು ದುಡಿಯುವ ಪದ್ಧತಿ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಇದೂ ಒಂದು ಕಾರಣ.

ಈಗ ಊರಿನ ಕೆಲಸದೊಂದಿಗೆ ಹೋಲಿಸಬೇಕು. ಇಲ್ಲಿ 25,000 ರೂಪಾಯಿಯ ಕೆಲಸವಿದ್ದು, ತನ್ನ ಖರ್ಚಿಗೆ 8,000 ಹೋದರೆ ಮನೆಗೆ 17,000 ಉಳಿಯುತ್ತದೆ. ಹೋಲಿಕೆ ನಡೆಯಬೇಕಾದದ್ದು 57,850ಕ್ಕೂ 25,000ಕ್ಕೂ ಅಲ್ಲ, 28,900ಕ್ಕೂ 17,000ಕ್ಕೂ. ಆ 11,900ರಿಂದಲೇ ವೀಸಾ, ಏಜೆಂಟರ ಖರ್ಚು, ಅದಕ್ಕೆ ಮಾಡಿದ ಸಾಲದ ಬಡ್ಡಿ, ಊರಿಗೆ ಬಂದು ಹೋಗುವ ಟಿಕೆಟ್ ಇವನ್ನೆಲ್ಲ ತಿಂಗಳ ಲೆಕ್ಕಕ್ಕೆ ತಂದು ಕಳೆಯಬೇಕು. ಆಫರ್ ಲೆಟರಿನಲ್ಲಿ ಒಟ್ಟು ಸಂಬಳದೊಳಗೆ ಮೂಲ ವೇತನ ಎಷ್ಟು ಎಂದು ಬೇರೆಯಾಗಿ ನೋಡಬೇಕು. ಯುಎಇಯಲ್ಲಿ ಗ್ರಾಚ್ಯುಟಿ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ, ಆಮೇಲೆ 30 ದಿನಗಳದು. ಮೂಲ ವೇತನ ಚಿಕ್ಕದಾಗಿಟ್ಟು ಭತ್ಯೆ ದೊಡ್ಡದಾಗಿ ತೋರಿಸಿದರೆ ಕೊನೆಗೆ ಕೈಗೆ ಬರುವ ಗಂಟು ಚಿಕ್ಕದಾಗುತ್ತದೆ.

ಹಣ ಕಳಿಸುವಾಗ ಎರಡು ಕಡೆ ಸೋರುತ್ತದೆ. ಶುಲ್ಕ ಕಣ್ಣಿಗೆ ಕಾಣುತ್ತದೆ, ದರದಲ್ಲಿ ಹಿಡಿದುಕೊಂಡದ್ದು ಕಾಣುವುದಿಲ್ಲ. ಅಂದಿನ ದರ 23.14 ಇದ್ದು ನಿಮಗೆ 22.90 ಕೊಟ್ಟರೆ 1,250 ದಿರ್ಹಮಿಗೆ 300 ರೂಪಾಯಿ ಹೋಯಿತು. "ಶುಲ್ಕ ಇಲ್ಲ" ಎಂಬ ಬೋರ್ಡು ಕಂಡಾಗ ಮೊದಲು ದರ ನೋಡಬೇಕು. ಇಡೀ ಜಗತ್ತಿನ ಸರಾಸರಿಯಲ್ಲಿ 200 ಡಾಲರ್ ಕಳಿಸಲು ಶೇ. 6ಕ್ಕಿಂತ ಹೆಚ್ಚು ಖರ್ಚಾಗುತ್ತದೆ. 2030ರೊಳಗೆ ಇದನ್ನು ಶೇ. 3ಕ್ಕಿಂತ ಕೆಳಗೆ ತರಬೇಕೆಂಬುದು ವಿಶ್ವಸಂಸ್ಥೆಯ ಗುರಿ. 2024ರಲ್ಲಿ ಭಾರತಕ್ಕೆ ಹೊರದೇಶಗಳ ದುಡಿಮೆಯಿಂದ ಬಂದದ್ದು ವಿಶ್ವಬ್ಯಾಂಕಿನ ಅಂದಾಜಿನಲ್ಲಿ ಸುಮಾರು 129 ಬಿಲಿಯನ್ ಡಾಲರ್, ಜಗತ್ತಿನಲ್ಲೇ ಅತಿ ಹೆಚ್ಚು. ಅಷ್ಟು ದೊಡ್ಡ ಹೊಳೆಯಲ್ಲಿ ಶೇ. 1ರಷ್ಟು ಸೋರಿಕೆ ನಿಂತರೂ 129 ಕೋಟಿ ಡಾಲರ್ ಮನೆಗಳಿಗೆ ಉಳಿಯುತ್ತದೆ.

ಬಡತನದ ಗೆರೆ

ದಿನಕ್ಕೆ 3 ಡಾಲರಿಗಿಂತ ಕಡಿಮೆಯಲ್ಲಿ ಬದುಕುವವರು ಕಡುಬಡವರು ಎಂದು ವಿಶ್ವಬ್ಯಾಂಕ್ 2025ರ ಜೂನ್‌ನಿಂದ ಹೇಳುತ್ತಿದೆ. ಅದಕ್ಕೂ ಮೊದಲು ಈ ಗೆರೆ 2.15 ಡಾಲರ್ ಇತ್ತು, ಅದಕ್ಕೂ ಹಿಂದೆ 1.90. ಇಲ್ಲಿ 3 ಡಾಲರ್ ಎಂದರೆ 255 ರೂಪಾಯಿ ಎಂದು ಓದಬಾರದು. ಇದು ಕೊಳ್ಳುವ ಶಕ್ತಿಯ ಡಾಲರು, ಸುಮಾರು 20 ರೂಪಾಯಿಯದು. ಹಾಗಾಗಿ ಗೆರೆ ಬೀಳುವುದು ದಿನಕ್ಕೆ ತಲೆಗೆ ಸುಮಾರು 60 ರೂಪಾಯಿಗೆ, ಅದೂ 2021ರ ಬೆಲೆಗಳಲ್ಲಿ. ಈ ಲೆಕ್ಕದಂತೆ ಭಾರತದಲ್ಲಿ 2011-12ರಲ್ಲಿ ಶೇ. 27ರಷ್ಟಿದ್ದ ಕಡುಬಡವರು 2022-23ಕ್ಕೆ ಶೇ. 5ರ ಆಸುಪಾಸಿಗೆ ಇಳಿದಿದ್ದಾರೆ. ಗೆರೆ ದಾಟಿದವರೆಲ್ಲ ಸುಖವಾಗಿದ್ದಾರೆ ಎಂದು ಇದರ ಅರ್ಥವಲ್ಲ. 60 ರೂಪಾಯಿಯಲ್ಲಿ ಊಟ, ಬಟ್ಟೆ, ಬಾಡಿಗೆ, ಔಷಧ ಎಲ್ಲ ಆಗಬೇಕು ಎಂದು ಯೋಚಿಸಿದರೆ ಗೆರೆ ಎಷ್ಟು ಕೆಳಗಿದೆ ಎಂದು ತಿಳಿಯುತ್ತದೆ.

ಒಂದು ಗೇರುಬೀಜದ ದಾರಿ

ಬಡ ದೇಶ ಯಾಕೆ ಬಡವಾಗಿ ಉಳಿಯುತ್ತದೆ ಎಂಬುದಕ್ಕೆ ನಮ್ಮ ಕಾರ್ಖಾನೆಗಳ ಗೇರುಬೀಜಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಮಂಗಳೂರು, ಕಾರ್ಕಳ, ಪುತ್ತೂರು ಸುತ್ತಲಿನ ಗೇರು ಫ್ಯಾಕ್ಟರಿಗಳಿಗೆ ನಮ್ಮ ಗುಡ್ಡದ ಬೀಜ ಸಾಲುವುದಿಲ್ಲ. ಆಫ್ರಿಕಾದ ಐವರಿ ಕೋಸ್ಟ್, ಬೆನಿನ್, ಘಾನಾ, ಗಿನಿ ಬಿಸಾವು, ತಾಂಜಾನಿಯಾಗಳಿಂದ ಹಸಿ ಬೀಜ ಹಡಗಿನಲ್ಲಿ ಬರುತ್ತದೆ. ಹಸಿ ಗೇರುಬೀಜ ಬೆಳೆಯುವುದರಲ್ಲಿ ಐವರಿ ಕೋಸ್ಟ್ ಜಗತ್ತಿಗೇ ಮೊದಲು. ಹಾಗಿದ್ದೂ ಅಲ್ಲಿಯ ಬೆಳೆಯ ಬಹುಪಾಲು ಚಿಪ್ಪು ಒಡೆಯದೆಯೇ ಹೊರಗೆ ಹೋಗುತ್ತದೆ.

ಬೀಜದ ಗುಣ ಅಳೆಯುವುದು ಔಟ್‌ಟರ್ನ್‌ನಿಂದ. 80 ಕಿಲೋ ಮೂಟೆಯಲ್ಲಿ ಎಷ್ಟು ಪೌಂಡ್ ಒಳ್ಳೆಯ ಬೊಂಡು, ಅಂದರೆ ಚಿಪ್ಪಿನೊಳಗಿನ ತಿರುಳು, ಸಿಗುತ್ತದೆ ಎಂಬ ಲೆಕ್ಕ ಅದು. 48 ಪೌಂಡ್ ಅಂದರೆ ಒಳ್ಳೆಯ ಬೀಜ. ಕಿಲೋ ಲೆಕ್ಕದಲ್ಲಿ 21.8. ಅಂದರೆ ಒಂದು ಕಿಲೋ ಬೊಂಡಿಗೆ ಸುಮಾರು 3.7 ಕಿಲೋ ಬೀಜ ಬೇಕು. 2025ರ ಹಂಗಾಮಿಗೆ ಐವರಿ ಕೋಸ್ಟ್ ಸರ್ಕಾರ ರೈತರಿಗೆ ಗೊತ್ತುಮಾಡಿದ ಬೆಲೆ ಕಿಲೋಗೆ 425 ಸಿಎಫ್‌ಎ ಫ್ರಾಂಕ್. ಒಂದು ಯೂರೋಗೆ 655.957 ಫ್ರಾಂಕ್ ಎಂಬ ಸ್ಥಿರ ದರದಲ್ಲಿ ಇದು ಸುಮಾರು 65 ಸೆಂಟ್. ಒಂದು ಕಿಲೋ ಬೊಂಡಿನ ಹಿಂದೆ ರೈತನ ಕೈಗೆ ಬಂದದ್ದು ಸುಮಾರು 2.40 ಯೂರೋ.

ಆಮೇಲಿನ ಕೆಲಸ ನಮ್ಮ ಕಡೆಯದು. ಬೀಜವನ್ನು ಒಣಗಿಸಿ ತೇವ ಇಳಿಸುತ್ತಾರೆ, ತೇವ ಉಳಿದರೆ ಗೋದಾಮಿನಲ್ಲೇ ಬೂಸ್ಟು ಹಿಡಿಯುತ್ತದೆ. ಬಾಯ್ಲರಿನ ಹಬೆಯಲ್ಲಿ ಬೇಯಿಸಿ, ಆರಿಸಿ, ಚಿಪ್ಪು ಕತ್ತರಿಸುತ್ತಾರೆ. ಚಿಪ್ಪಿನ ಎಣ್ಣೆ ಚರ್ಮ ಸುಡುವಂಥದ್ದು, ಕೈಗೆ ಎಣ್ಣೆ ಅಥವಾ ಬೂದಿ ಹಚ್ಚಿಕೊಂಡು ಕೂರುವ ಹೆಂಗಸರ ಬೆರಳುಗಳು ಅದರ ಗುರುತು ಹೊತ್ತಿರುತ್ತವೆ. ಬೊಂಡನ್ನು ಬೊರ್ಮಾ ಎಂಬ ಬಿಸಿಗೂಡಿನಲ್ಲಿ ಒಣಗಿಸಿ, ಕೆಂಪು ಸಿಪ್ಪೆ ಸುಲಿದು, ಗ್ರೇಡ್ ಮಾಡುತ್ತಾರೆ. ಡಬ್ಲ್ಯು 240 ಎಂದರೆ ಒಂದು ಪೌಂಡಿಗೆ 220ರಿಂದ 240 ಇಡೀ ಬೊಂಡು, ಡಬ್ಲ್ಯು 320 ಎಂದರೆ 300ರಿಂದ 320. ಸಂಖ್ಯೆ ಚಿಕ್ಕದಾದಷ್ಟೂ ಬೊಂಡು ದೊಡ್ಡದು, ಬೆಲೆ ಹೆಚ್ಚು. ಬೆಂದದ್ದು ಹೆಚ್ಚು ಕಡಿಮೆಯಾದರೆ ಬೊಂಡು ತುಂಡಾಗುತ್ತದೆ, ತುಂಡಾದ ತಕ್ಷಣ ದರ ಬೀಳುತ್ತದೆ.

ಇದನ್ನೆಲ್ಲ ಐವರಿ ಕೋಸ್ಟ್‌ನ ಜನ ತಾವೇ ಮಾಡಲಾರರೇ? ಮಾಡಬಲ್ಲರು, ಈಗ ಅಲ್ಲಿಯೂ ಕಾರ್ಖಾನೆಗಳು ಏಳುತ್ತಿವೆ. ತೊಡಕಿರುವುದು ಕೈಚಳಕದಲ್ಲಲ್ಲ. ಬೆಳೆ ಬರುವುದು ವರ್ಷದ ಮೂರು ನಾಲ್ಕು ತಿಂಗಳು ಮಾತ್ರ, ಕಾರ್ಖಾನೆ ಓಡಬೇಕಾದದ್ದು ವರ್ಷವಿಡೀ. ಇಡೀ ವರ್ಷದ ಬೀಜವನ್ನು ಆ ಕೆಲವೇ ತಿಂಗಳಲ್ಲಿ ರೊಕ್ಕ ಕೊಟ್ಟು ಕೊಂಡಿಡಬೇಕು. ಒಂದು ಕೋಟಿಯ ಬೀಜ ಸರಾಸರಿ ಆರು ತಿಂಗಳು ಗೋದಾಮಿನಲ್ಲಿದ್ದರೆ ಶೇ. 10ರ ಬಡ್ಡಿಗೆ 5 ಲಕ್ಷ, ಶೇ. 20ರ ಬಡ್ಡಿಗೆ 10 ಲಕ್ಷ. ಲಾಭದ ಅಂಚು ತೆಳ್ಳಗಿರುವ ವ್ಯಾಪಾರದಲ್ಲಿ ಆ 5 ಲಕ್ಷವೇ ಕಾರ್ಖಾನೆ ಉಳಿಯುವುದೋ ಮುಚ್ಚುವುದೋ ಎಂದು ನಿರ್ಧರಿಸುತ್ತದೆ. ಮೇಲೆ ಕರೆಂಟು ಹೋದರೆ ಬೊರ್ಮಾ ತಣ್ಣಗಾಗುತ್ತದೆ, ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕು, ಗ್ರೇಡಿಂಗ್ ಬಲ್ಲವರು ಸಿಗುವುದಿಲ್ಲ.

ಕರಾವಳಿಗೆ ಈ ವಿಷಯದಲ್ಲಿ ಬೇರೆ ಊರುಗಳಿಗಿಲ್ಲದ ಅನುಕೂಲವಿತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯಿಂದ ಹಣ ಒಟ್ಟು ಮಾಡಿದರು. ಮೀನು ಮಾರುವವರ ಎರಡಾಣೆ ಸೇರಿ ವ್ಯಾಪಾರಿಗೆ ಸಾಲವಾಯಿತು. ಬಂಡವಾಳ ಎಂಬ ದೊಡ್ಡ ಪದದ ಅರ್ಥ ಇಷ್ಟೇ. ಇದರ ಜೊತೆಗೆ 1974ರ ತಿದ್ದುಪಡಿಯ ಭೂಸುಧಾರಣೆ ಈ ಜಿಲ್ಲೆಯಲ್ಲಿ ಗಟ್ಟಿಯಾಗಿ ಜಾರಿಯಾಗಿ ಗೇಣಿದಾರರಿಗೆ ಭೂಮಿ ಸಿಕ್ಕಿತು. ನೆಲ ತನ್ನದಾದವನು ಅದರಲ್ಲಿ ಅಡಿಕೆ, ತೆಂಗು ನೆಟ್ಟ, ಮಕ್ಕಳನ್ನು ಓದಿಸಿದ. ನಾಳೆ ಒಕ್ಕಲೆಬ್ಬಿಸುತ್ತಾರೆ ಎಂಬ ಭಯವಿರುವಲ್ಲಿ ಯಾರೂ ಐದಾರು ವರ್ಷ ಕಾಯಿಸುವ ಗಿಡ ನೆಡುವುದಿಲ್ಲ.

ತಂತ್ರಜ್ಞಾನದ ಕಥೆ ನಮ್ಮ ಮಾಡಿನ ಮೇಲೆಯೇ ಇದೆ. ನೇತ್ರಾವತಿ ದಡದ ಜೇಡಿಮಣ್ಣು ಮೊದಲೂ ಇತ್ತು, ನಾಡ ಹೆಂಚು ತಟ್ಟುವವರೂ ಇದ್ದರು. 1860ರ ದಶಕದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಒತ್ತುಯಂತ್ರ ತಂದು, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು ಮಾಡಿದ ಮೇಲೆ ಅದೇ ಮಣ್ಣು ಸಮುದ್ರ ದಾಟಿತು. ಇವತ್ತು ಗೇರಿನಲ್ಲಿ ನಮಗೆ ಅದೇ ಪಾಠ ತಿರುಗಿ ಬಂದಿದೆ. ಚಿಪ್ಪು ಒಡೆಯುವುದನ್ನು, ಸಿಪ್ಪೆ ಸುಲಿಯುವುದನ್ನು ಯಂತ್ರಕ್ಕೆ ವಹಿಸಿದ ವಿಯೆಟ್ನಾಂ ಈಗ ಜಗತ್ತಿನ ಅತಿದೊಡ್ಡ ಬೊಂಡು ರಫ್ತುದಾರ.

ಅಂತರ ಎಷ್ಟು ಹಳೆಯದು, ಮುಚ್ಚಲು ಎಷ್ಟು ಕಾಲ?

ಇತಿಹಾಸದ ಲೆಕ್ಕ ಹಾಕಿದ ಆ್ಯಂಗಸ್ ಮ್ಯಾಡಿಸನ್ ಅಂದಾಜಿನಲ್ಲಿ 1820ರಲ್ಲಿ ಪಶ್ಚಿಮ ಯುರೋಪಿನ ತಲಾ ಆದಾಯ ಭಾರತದ್ದಕ್ಕಿಂತ ಎರಡೂ ಕಾಲು ಪಟ್ಟು, ಆಫ್ರಿಕಾದ್ದಕ್ಕಿಂತ ಸುಮಾರು ಮೂರು ಪಟ್ಟು ಇತ್ತು. ಉಗಿಯಂತ್ರ, ಕಲ್ಲಿದ್ದಲು, ರೈಲು ಒಂದು ಕಡೆ, ವಸಾಹತು ಆಡಳಿತ ಇನ್ನೊಂದು ಕಡೆ ಸೇರಿ ಆ ಅಂತರ ಹಿಗ್ಗುತ್ತಾ ಬಂತು. ಯಾವುದರ ಪಾಲು ಎಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಮುಚ್ಚುವ ಲೆಕ್ಕ ಮಾತ್ರ ಯಾರೂ ಮಾಡಬಹುದು. ಭಾರತದ ತಲಾ ಆದಾಯ ವರ್ಷಕ್ಕೆ ಶೇ. 6ರಂತೆ, ಜಪಾನಿನದು ಶೇ. 1ರಂತೆ ಬೆಳೆಯಲಿ, ವಿನಿಮಯ ದರ ಹಾಗೆಯೇ ಇರಲಿ. ಮೊದಲ ವರ್ಷ ನಮಗೆ ಸೇರುವುದು 2,900ರ ಶೇ. 6, ಅಂದರೆ 174 ಡಾಲರ್. ಅವರಿಗೆ ಸೇರುವುದು 34,000ದ ಶೇ. 1, ಅಂದರೆ 340 ಡಾಲರ್. ಆರು ಪಟ್ಟು ವೇಗದಲ್ಲಿ ಓಡಿದರೂ ಆ ವರ್ಷ ಅಂತರ 166 ಡಾಲರ್ ಹೆಚ್ಚಾಯಿತು! ಡಾಲರ್ ಲೆಕ್ಕದ ಅಂತರ ಕುಗ್ಗಲು ಶುರುವಾಗಲು ಸುಮಾರು 14 ವರ್ಷ, ಪೂರ್ತಿ ಮುಚ್ಚಲು ಸುಮಾರು 51 ವರ್ಷ ಬೇಕು. ಬೆಳವಣಿಗೆ ಕಾಣುತ್ತಿದ್ದರೂ ಹುಡುಗರಿಗೆ ಹೊರದೇಶ ಇನ್ನೂ ದೂರ ಹೋದಂತೆ ಅನ್ನಿಸುವುದರಲ್ಲಿ ಹುರುಳಿದೆ. ದಶಕಗಟ್ಟಲೆ ಇಂಥ ಓಟ ಓಡಿದವರು ಕಡಿಮೆ. 1960ರ ಹೊತ್ತಿಗೆ ದಕ್ಷಿಣ ಕೊರಿಯಾ ಮತ್ತು ಘಾನಾ ತಲಾ ಆದಾಯದಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದವು. ಇಂದು ಕೊರಿಯಾ ಶ್ರೀಮಂತ ದೇಶಗಳ ಗುಂಪಿನಲ್ಲಿದೆ, ಘಾನಾ ಕೆಳ ಮಧ್ಯಮ ಗುಂಪಿನಲ್ಲಿದೆ.

ಆಯುಸ್ಸಿನ ಅಂತರ ಬೇಗ ಕುಗ್ಗಿದ್ದು ಯಾಕೆ?

ದುಡ್ಡೊಂದರಿಂದಲೇ ಬದುಕನ್ನು ಅಳೆಯಬಾರದು ಎಂದು ಮಹಬೂಬ್ ಉಲ್ ಹಕ್ ಮತ್ತು ಅಮರ್ತ್ಯ ಸೇನ್ ಅವರ ಆಲೋಚನೆಯಿಂದ 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕ ಬಂತು. ಆಯುಸ್ಸು, ಶಾಲಾ ವರ್ಷಗಳು, ಆದಾಯ ಈ ಮೂರನ್ನೂ ಸೊನ್ನೆಯಿಂದ ಒಂದರೊಳಗೆ ತಂದು ಸರಾಸರಿ ತೆಗೆಯುತ್ತಾರೆ, ಇಲ್ಲಿಯೂ ಗುಣೋತ್ತರ ಸರಾಸರಿಯೇ. 2023ರ ಅಂಕಿಗಳಲ್ಲಿ ಐಸ್‌ಲ್ಯಾಂಡ್ 0.972 ಪಡೆದು ಮೊದಲ ಸ್ಥಾನ, ದಕ್ಷಿಣ ಸುಡಾನ್ 0.388ರೊಂದಿಗೆ ಕೊನೆ, ಭಾರತ 0.685ರೊಂದಿಗೆ 193ರಲ್ಲಿ 130ನೇ ಸ್ಥಾನ.

ಆದಾಯದ ಅಂತರಕ್ಕಿಂತ ಆಯುಸ್ಸಿನ ಅಂತರ ಹೆಚ್ಚು ಕುಗ್ಗಿದೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 1950ರ ದಶಕದ ಆರಂಭದಲ್ಲಿ ಭಾರತೀಯರ ಸರಾಸರಿ ಆಯುಸ್ಸು 40ರ ಆಸುಪಾಸಿನಲ್ಲಿತ್ತು, 2023ಕ್ಕೆ 72. ಆದಾಯ ಹೆಚ್ಚಲು ಬಂಡವಾಳ, ಕರೆಂಟು, ಬ್ಯಾಂಕು, ಕೋರ್ಟು, ರಸ್ತೆ ಎಲ್ಲವೂ ಒಟ್ಟಿಗೆ ಬೇಕು. ಜೀವ ಉಳಿಯಲು ಅನೇಕ ಸಲ ಒಂದು ತಿಳಿವಳಿಕೆ ಸಾಕು.

ಅದನ್ನು ಒಆರ್‌ಎಸ್‌ನಲ್ಲಿ ಕಾಣಬಹುದು. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಕೊಡುವ ದ್ರವ ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್ ಕರಗಿಸಿದ ನೀರನ್ನು ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಕರುಳು ಉಪ್ಪನ್ನು ಗ್ಲೂಕೋಸಿನ ಜೊತೆಯಲ್ಲಿ ಹೀರಿಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಒಳಗೆ ಹೋಗುತ್ತದೆ. ಈಗಿನ ಪೊಟ್ಟಣದಲ್ಲಿ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಸೋಡಿಯಂ ಸಿಟ್ರೇಟ್ 2.9, ಪೊಟ್ಯಾಶಿಯಂ ಕ್ಲೋರೈಡ್ 1.5 ಗ್ರಾಂ ಇರುತ್ತದೆ. ಪೊಟ್ಟಣ ಸಿಗದಿದ್ದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು, ಟೀ ಚಮಚದಲ್ಲಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿ ಹೆಚ್ಚುತ್ತದೆ, ಪೊಟ್ಟಣವನ್ನು ಒಂದು ಲೋಟ ನೀರಿಗೇ ಸುರಿದರೆ ಎರಡೂ ಆಗುತ್ತದೆ. ನಮ್ಮ ಅಜ್ಜಿಯರು ಕೊಡುತ್ತಿದ್ದ ಉಪ್ಪು ಹಾಕಿದ ಗಂಜಿ ತಿಳಿಯೂ ಇದೇ ತತ್ವದ ಹತ್ತಿರದ್ದು.

ಇಷ್ಟು ಅಗ್ಗದ ಮದ್ದಿದ್ದೂ ಜಗತ್ತಿನಲ್ಲಿ ಭೇದಿಯಾದ ಮಕ್ಕಳ ಅರ್ಧದಷ್ಟು ಮಂದಿಗೂ ಒಆರ್‌ಎಸ್ ಸಿಗುತ್ತಿಲ್ಲ. 2023ರಲ್ಲಿ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳು ಸುಮಾರು 48 ಲಕ್ಷ. ಜಪಾನಿನಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಹೀಗೆ ಹೋಗುವವರು ಎರಡು ಮೂರು, ಭಾರತದಲ್ಲಿ 28ರ ಆಸುಪಾಸು, ನೈಜರ್‌ನಲ್ಲಿ ನೂರಕ್ಕೂ ಹೆಚ್ಚು.